ರಾತ್ರಿಯ ಆ ಒಂದು ಗಂಟೆ ಯಾರ ಸ್ವತ್ತು?

ಬೆಂಗಳೂರಿನ ಬಾರ್ ಮತ್ತು ಪಬ್‌ಗಳು ಎಷ್ಟು ಹೊತ್ತಿಗೆ ಬಾಗಿಲು ಮುಚ್ಚಬೇಕು ಎಂಬ ಪ್ರಶ್ನೆ ಹೊಸದೇನಲ್ಲ. ರಾತ್ರಿ ಹನ್ನೊಂದೂವರೆಗೆ ಮುಗಿಯಬೇಕಿದ್ದ ವಹಿವಾಟಿಗೆ 2014ರ ಮಾರ್ಚ್‌ನಲ್ಲಿ, ಪ್ರಾಯೋಗಿಕವೆಂಬ ಷರತ್ತಿನ ಮೇಲೆ, ಶುಕ್ರವಾರ ಮತ್ತು ಶನಿವಾರಗಳಂದು ಮಾತ್ರ ಒಂದು ಗಂಟೆಯವರೆಗೆ ಅವಕಾಶ ದೊರೆಯಿತು. 2016ರಲ್ಲಿ ಆ ಪ್ರಯೋಗ ವಾರದ ಎಲ್ಲ ದಿನಗಳಿಗೂ ವಿಸ್ತರಣೆಯಾಯಿತು. 2024–25ರ ಬಜೆಟ್ಟಿನಲ್ಲಿ ಬೆಂಗಳೂರು ಹಾಗೂ ರಾಜ್ಯದ ಇತರ ಹತ್ತು ಮಹಾನಗರಪಾಲಿಕೆಗಳ ವ್ಯಾಪ್ತಿಯಲ್ಲಿ ವಾಣಿಜ್ಯ ಚಟುವಟಿಕೆಗಳಿಗೆ ರಾತ್ರಿ ಒಂದರವರೆಗೆ ಅನುಮತಿ ನೀಡುವ ಘೋಷಣೆ ಹೊರಬಿತ್ತು. ಅದರ ಬೆನ್ನಿಗೇ ಬಂದ ಸರ್ಕಾರಿ ಆದೇಶದಲ್ಲಿ ಕ್ಲಬ್‌ಗಳು, ತಾರಾ ಹೋಟೆಲುಗಳು, ವಸತಿಗೃಹಗಳ ಜೊತೆಗೆ ಸಿಎಲ್–9 ಪರವಾನಗಿಯ ಸಾಮಾನ್ಯ ಬಾರ್‌ಗಳೂ ಸೇರಿದವು. ಗಡಿಯಾರದ ಮುಳ್ಳು ಇನ್ನೂ ಮುಂದಕ್ಕೆ ಸರಿಯಬೇಕೆಂಬ ಬೇಡಿಕೆ ಉದ್ಯಮದ ಕಡೆಯಿಂದ ಕೇಳಿಬರುತ್ತಲೇ ಇದೆ.

ಈ ಲೇಖಕ ಮದ್ಯಪಾನ ನಿಷೇಧದ ಪ್ರತಿಪಾದಕನಲ್ಲ. ಮೂರು ಪಾಳಿಗಳಲ್ಲಿ ದುಡಿಯುವ ನಗರಕ್ಕೆ ಹತ್ತು ಗಂಟೆಗೆ ದೀಪ ಆರಿಸಿ ಮಲಗೆಂದು ಹೇಳುವುದು ಜಾಣತನವೂ ಅಲ್ಲ. ಹೋಟೆಲ್ ಮತ್ತು ಮನರಂಜನಾ ಉದ್ಯಮ ಸಾವಿರಾರು ಯುವಕ ಯುವತಿಯರಿಗೆ ಅನ್ನ ಕೊಡುತ್ತಿದೆ. ಬೀದಿಯಲ್ಲಿ ಜನಸಂಚಾರವಿದ್ದರೆ, ಅಂಗಡಿಗಳು ತೆರೆದಿದ್ದರೆ, ತಡವಾಗಿ ಕೆಲಸ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಧೈರ್ಯ ಎಂಬ ಮಾತಿನಲ್ಲೂ ಹುರುಳಿದೆ. ತಕರಾರು ಇರುವುದು ಸರ್ಕಾರ ಈ ಇಡೀ ನಗರಕ್ಕೆ ಒಂದೇ ಗಡಿಯಾರವನ್ನು ತೂಗುಹಾಕಿದ ರೀತಿಯ ಬಗ್ಗೆ. ಮಹಾತ್ಮ ಗಾಂಧಿ ರಸ್ತೆಯ ವಾಣಿಜ್ಯ ಸಂಕೀರ್ಣಕ್ಕೂ ಇಂದಿರಾನಗರ, ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆಗಳಲ್ಲಿ ಮನೆಯ ಕಾಂಪೌಂಡಿಗೆ ಅಂಟಿಕೊಂಡ ಪಬ್ಬಿಗೂ ಒಂದೇ ವೇಳೆ, ಒಂದೇ ನಿಯಮ ಎಂದರೆ ಅದು ಆಡಳಿತದ ಸೋಮಾರಿತನವೇ ಸರಿ.

ಮನೆಯ ಪಕ್ಕಕ್ಕೆ ಬಾರ್ ಬಂದದ್ದಾದರೂ ಹೇಗೆ? ಇಂದಿರಾನಗರ, ಕೋರಮಂಗಲಗಳು ಮೂಲತಃ ವಾಸದ ಬಡಾವಣೆಗಳು. ನಿವೃತ್ತರು, ಬ್ಯಾಂಕು ಹಾಗೂ ಸಾರ್ವಜನಿಕ ಉದ್ದಿಮೆಗಳ ನೌಕರರು ಜೀವಮಾನದ ಉಳಿತಾಯವನ್ನು ಸುರಿದು ಕಟ್ಟಿಕೊಂಡ ಮನೆಗಳು ಅಲ್ಲಿವೆ. 2007ರಲ್ಲಿ ಜಾರಿಗೆ ಬಂದ ‘ಪರಿಷ್ಕೃತ ಮಹಾಯೋಜನೆ–2015’ ಮಿಶ್ರ ವಸತಿ ವಲಯಗಳನ್ನು ಗುರುತಿಸಿ, ರಸ್ತೆಯ ಅಗಲದ ಆಧಾರದ ಮೇಲೆ ವಾಣಿಜ್ಯ ಬಳಕೆಗೆ ದಾರಿ ತೆರೆಯಿತು. ಕಿರಾಣಿ ಅಂಗಡಿಗೂ ದವಾಖಾನೆಗೂ ಅನುಕೂಲವಾಗಲೆಂದು ತೆರೆದ ಬಾಗಿಲಿನಲ್ಲಿ ತಾರಸಿ ಪಬ್ಬುಗಳೂ ಒಳಬಂದವು. ಇನ್ನೊಂದೆಡೆ, ರಾಜ್ಯದಲ್ಲಿ 1990ರ ದಶಕದ ಆರಂಭದಿಂದ ಹೊಸ ಸಿಎಲ್–9 ಪರವಾನಗಿಗಳ ವಿತರಣೆ ನಿಂತಿದ್ದರಿಂದ, ಹಳೆಯ ಪರವಾನಗಿಗಳೇ ಕೈಯಿಂದ ಕೈಗೆ, ಬೀದಿಯಿಂದ ಬೀದಿಗೆ ಸ್ಥಳಾಂತರಗೊಳ್ಳತೊಡಗಿದವು. ಸಹಜವಾಗಿಯೇ ಅವು ಹಣವುಳ್ಳ ಗ್ರಾಹಕರಿರುವ ಬಡಾವಣೆಗಳತ್ತ ಹರಿದವು.

ಇಲ್ಲಿ ಅಬಕಾರಿ ನಿಯಮಗಳ ಒಂದು ಸಣ್ಣ ಅಂಶವನ್ನು ಓದುಗರ ಗಮನಕ್ಕೆ ತರಬೇಕು. ಪರವಾನಗಿಗಳ ಸಾಮಾನ್ಯ ಷರತ್ತುಗಳನ್ನು ವಿಧಿಸುವ ಕರ್ನಾಟಕದ 1967ರ ಅಬಕಾರಿ ನಿಯಮಗಳ 5ನೇ ನಿಯಮದ ಪ್ರಕಾರ ಧಾರ್ಮಿಕ ಸ್ಥಳ, ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಅಂತರದೊಳಗೆ ಮದ್ಯದಂಗಡಿ ಇರಕೂಡದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಹೆಚ್ಚಾಗಿ ವಾಸಿಸುವ ಪ್ರದೇಶಗಳಿಗೂ ರಕ್ಷಣೆಯಿದೆ. ಆದರೆ ಸಾಮಾನ್ಯ ವಾಸದ ಮನೆ ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಸಂಜೆ ಐದೂವರೆಗೆ ಬೀಗ ಹಾಕುವ ಸರ್ಕಾರಿ ಕಚೇರಿಗೆ ನೂರು ಮೀಟರ್‌ಗಳ ಶಾಂತಿ ಖಾತರಿಯಿದೆ. ಇಡೀ ರಾತ್ರಿ ಜನ ಮಲಗುವ ಮನೆಗೆ ಹತ್ತು ಅಡಿಯೂ ಇಲ್ಲ. ಕಡತದಲ್ಲಿ ಯಾವುದಕ್ಕೆ ಕಾಲಂ ಇಲ್ಲವೋ ಅದನ್ನು ಅಧಿಕಾರಿ ಪರಿಶೀಲಿಸುವುದಿಲ್ಲ ಎಂಬುದು ಆಡಳಿತದಲ್ಲಿ ವರ್ಷಗಳನ್ನು ಕಳೆದ ಯಾರಿಗಾದರೂ ಗೊತ್ತಿರುವ ಸತ್ಯ. ನೆರೆಯವರ ನಿದ್ದೆಗೆ ನಮ್ಮ ಕಡತಗಳಲ್ಲಿ ಕಾಲಂ ಇಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಸಮಸ್ಯೆ ಪರಿಚಿತವಾದದ್ದೇ. ವಹಿವಾಟಿನಲ್ಲಿ ಪಾಲುದಾರರಲ್ಲದವರು ಅದರ ವೆಚ್ಚವನ್ನು ಹೊರಬೇಕಾಗಿ ಬಂದಾಗ ಅದನ್ನು ಬಾಹ್ಯ ಪರಿಣಾಮವೆಂದು ಕರೆಯುತ್ತಾರೆ. ರೊನಾಲ್ಡ್ ಕೋಸ್ 1960ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಚರ್ಚಿಸಿದ್ದು ಇಂಥದೇ ಒಂದು ನೆರೆಹೊರೆಯ ಜಗಳವನ್ನು. 1879ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ತೀರ್ಮಾನಿಸಿದ ಆ ಪ್ರಕರಣದಲ್ಲಿ, ಲಂಡನ್ನಿನ ಮಿಠಾಯಿ ತಯಾರಕನೊಬ್ಬನ ಕುಟ್ಟಾಣಿಯ ಸದ್ದು ಪಕ್ಕದ ವೈದ್ಯನ ಸಮಾಲೋಚನಾ ಕೊಠಡಿಗೆ ಅಡ್ಡಿಯಾಗಿತ್ತು. ಮಿಠಾಯಿಯವನು ದಶಕಗಳಿಂದ ಅಲ್ಲಿಯೇ ಕುಟ್ಟುತ್ತಿದ್ದರೂ ತೀರ್ಪು ವೈದ್ಯನ ಪರವಾಗಿ ಬಂತು. ಮಾತುಕತೆಗೆ ಖರ್ಚಿಲ್ಲದಿದ್ದರೆ ಇಬ್ಬರೂ ಕುಳಿತು, ಯಾರಿಗೆ ಆ ಮೌನ ಅಥವಾ ಆ ಸದ್ದು ಹೆಚ್ಚು ಬೆಲೆಯುಳ್ಳದ್ದೋ ಅವರಿಗೆ ಬಿಟ್ಟುಕೊಟ್ಟು ಪರಿಹಾರ ಪಡೆಯಬಹುದು ಎಂಬುದು ಕೋಸ್ ಅವರ ತರ್ಕ.

ಆದರೆ ಬೆಂಗಳೂರಿನ ಅಡ್ಡರಸ್ತೆಯಲ್ಲಿ ಇರುವುದು ಒಬ್ಬ ವೈದ್ಯ, ಒಬ್ಬ ಮಿಠಾಯಿಯವನಲ್ಲ. ಒಂದು ಕಡೆ ಸಂಘಟಿತವಾದ ಉದ್ಯಮ. ಇನ್ನೊಂದು ಕಡೆ ಪರಸ್ಪರ ಪರಿಚಯವೂ ಇಲ್ಲದ ನೂರಾರು ಕುಟುಂಬಗಳು. ಚೌಕಾಶಿಯ ಮೇಜಿನ ಮುಂದೆ ಅವರನ್ನು ಕೂರಿಸುವವರು ಯಾರು? ಆ ಮಿಠಾಯಿಯವನು ವೈದ್ಯನಿಗಿಂತ ಮೊದಲೇ ಅಲ್ಲಿದ್ದ; ನಮ್ಮ ಬಡಾವಣೆಗಳಲ್ಲಾದರೋ ಮನೆಗಳೇ ಮೊದಲು ಬಂದವು. ‘ಗದ್ದಲ ಸಹಿಸಲಾಗದವರು ಬೇರೆಡೆಗೆ ಹೋಗಲಿ’ ಎನ್ನುವವರು ಈ ಕಾಲಕ್ರಮವನ್ನು ಮರೆಯಬಾರದು.

ಇಂಥ ಸಂದರ್ಭದಲ್ಲಿ ದುರ್ಬಲ ಪಕ್ಷದ ಪರವಾಗಿ ನಿಲ್ಲಬೇಕಾದದ್ದು ಸರ್ಕಾರ. ದುರದೃಷ್ಟವಶಾತ್ ಸರ್ಕಾರವೇ ಈ ವಹಿವಾಟಿನ ದೊಡ್ಡ ಪಾಲುದಾರ. 2025–26ನೇ ಸಾಲಿಗೆ ಅಬಕಾರಿ ಇಲಾಖೆಗೆ ನಿಗದಿಯಾದ ರಾಜಸ್ವ ಸಂಗ್ರಹದ ಗುರಿ 40,000 ಕೋಟಿ ರೂಪಾಯಿ. ಹೆಚ್ಚುವರಿ ಗಂಟೆಯ ಲಾಭ ಮಾಲೀಕನಿಗೆ, ತೆರಿಗೆ ಖಜಾನೆಗೆ, ಸಂತೋಷ ಗ್ರಾಹಕನಿಗೆ. ಬೆಲೆ ತೆರುವವನು ಮಾತ್ರ ಈ ಮೂವರಲ್ಲಿ ಯಾರೂ ಅಲ್ಲ.

ಆ ಬೆಲೆ ಎಂಥದು? ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಯುರೋಪಿಗಾಗಿ ಶಿಫಾರಸು ಮಾಡಿದ ರಾತ್ರಿಯ ಮಿತಿ ಇದಕ್ಕಿಂತಲೂ ಕಡಿಮೆ, 40 ಡೆಸಿಬಲ್. ಆದರೆ ನಮ್ಮ ನಿಯಮಗಳಲ್ಲಿ ಸದ್ದಿನ ಪ್ರಮಾಣದ ಬಗ್ಗೆ ದೂರು ಕೊಡಲು ಮಿತಿಯನ್ನು 10 ಡೆಸಿಬಲ್‌ನಷ್ಟು ಅಥವಾ ಅದಕ್ಕೂ ಹೆಚ್ಚು ಮೀರಿರಬೇಕು. ಡೆಸಿಬಲ್ ಎಂಬುದು ಕೂಡುವ ಅಳತೆಯಲ್ಲ, ಗುಣಿಸುವ ಅಳತೆ. ಹತ್ತು ಡೆಸಿಬಲ್ ಏರಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟಾಯಿತೆಂದೇ ಅರ್ಥ. ಜೊತೆಗೆ, ಪ್ರಚಲಿತ ಮಾಪಕಗಳು ಮನುಷ್ಯನ ಕಿವಿಯ ಗ್ರಹಿಕೆಗೆ ಅನುಗುಣವಾಗಿ ಮಂದ್ರ ಸ್ವರಗಳಿಗೆ ಕಡಿಮೆ ತೂಕ ಕೊಡುತ್ತವೆ. ಗೋಡೆ ದಾಟಿ ಬರುವುದಾದರೋ ಆ ಮಂದ್ರದ ಬಡಿತವೇ. ಕಿಟಕಿಯ ಗಾಜು ಅದುರುತ್ತಿದ್ದರೂ ಮಾಪಕ ‘ಎಲ್ಲವೂ ಸರಿಯಿದೆ’ ಎನ್ನುವ ಸಾಧ್ಯತೆ ಇರುವುದು ಹೀಗೆ.

ಮುಚ್ಚುವ ವೇಳೆ ಎಂಬುದು ಮೌನದ ವೇಳೆಯಲ್ಲ ಎಂಬುದನ್ನೂ ಮರೆಯಬಾರದು. ಒಂದು ಗಂಟೆಗೆ ಸಂಗೀತ ನಿಂತ ಮೇಲೆ ಬೀದಿಯ ಕಾರ್ಯಕ್ರಮ ಶುರುವಾಗುತ್ತದೆ. ವಿದಾಯದ ಮಾತು, ಟ್ಯಾಕ್ಸಿಗಾಗಿ ಕಾಯುವ ಗುಂಪು, ವಾಹನಗಳ ಹಾರ್ನ್, ಆಗೊಮ್ಮೆ ಈಗೊಮ್ಮೆ ಜಗಳ, ಕೊನೆಗೆ ಖಾಲಿ ಬಾಟಲಿಗಳನ್ನು ಚೀಲಕ್ಕೆ ಸುರಿಯುವ ಸದ್ದು. ಉಳ್ಳವರು ಜೋಡಿ ಗಾಜಿನ ಕಿಟಕಿ ಹಾಕಿಸಿ ಹವಾನಿಯಂತ್ರಕ ಚಾಲೂ ಮಾಡಿಕೊಳ್ಳಬಹುದು. ಹಿಂದಿನ ಓಣಿಯ ಬಾಡಿಗೆ ಮನೆಯಲ್ಲಿರುವ ಚಾಲಕ, ನಸುಕಿನಲ್ಲೇ ಪೊರಕೆ ಹಿಡಿಯಬೇಕಾದ ಪೌರಕಾರ್ಮಿಕ ಮಹಿಳೆ, ಪರೀಕ್ಷೆಗೆ ಓದುವ ಹುಡುಗಿ, ಹಾಸಿಗೆ ಹಿಡಿದ ವೃದ್ಧ ಏನು ಮಾಡಬೇಕು? ಪಬ್ ವಿರೋಧವನ್ನು ಬಂಗಲೆಯವರ ತಕರಾರೆಂದು ತಳ್ಳಿಹಾಕುವವರು ಈ ಓಣಿಗಳನ್ನು ಒಮ್ಮೆ ನೋಡಿ ಬರುವುದು ಒಳಿತು. ನಮ್ಮ ಮೆಟ್ರೊ ರೈಲಿನ ದಿನಚರಿ ರಾತ್ರಿ ಹನ್ನೊಂದರ ಸುಮಾರಿಗೇ ಮುಗಿಯುವಂಥದ್ದು. ಕುಡಿಯಲು ಒಂದರವರೆಗೆ ಅನುಮತಿ ನೀಡಿ, ಮನೆಗೆ ಹೋಗಲು ಸಾರ್ವಜನಿಕ ಸಾರಿಗೆ ಒದಗಿಸದಿರುವುದು ಎಂಥ ಯೋಜನೆ?

ಒಂದು ಗಂಟೆಯಿಂದ ಏನು ಮಹಾ ವ್ಯತ್ಯಾಸ ಎಂದು ಕೇಳುವವರಿಗೆ ಅಧ್ಯಯನಗಳ ಉತ್ತರವಿದೆ. ನಾರ್ವೆಯ 18 ನಗರಗಳ ಅಂಕಿಅಂಶಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಬಾರ್‌ಗಳ ಅವಧಿ ಒಂದು ಗಂಟೆ ಹೆಚ್ಚಿದಲ್ಲಿ ವಾರಾಂತ್ಯದ ರಾತ್ರಿಗಳ ಹಲ್ಲೆ ಪ್ರಕರಣಗಳು ಸುಮಾರು ಶೇ 16ರಷ್ಟು ಏರಿದ್ದವು. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ 2008ರಲ್ಲಿ ಅವಧಿಯನ್ನು ಮೊಟಕುಗೊಳಿಸಿದಾಗ ಹಲ್ಲೆಗಳು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದವು. ಹಾಗೆಂದು ಎಲ್ಲೆಡೆ ಬೀಗ ಜಡಿಯುವುದೂ ಮದ್ದಲ್ಲ. ಸಿಡ್ನಿ ನಗರದ ಮಧ್ಯಭಾಗದಲ್ಲಿ 2014ರಲ್ಲಿ ಹೇರಿದ ಕಠಿಣ ನಿರ್ಬಂಧಗಳು ಸಂಗೀತ ಹಾಗೂ ರಾತ್ರಿ ಬದುಕನ್ನು ಸೊರಗಿಸಿವೆ ಎಂಬ ದೂರುಗಳ ನಂತರ 2020ರಲ್ಲಿ ಬಹುಪಾಲು ಸಡಿಲಗೊಂಡವು. ಎಲ್ಲಿ, ಯಾವ ಬೀದಿಯಲ್ಲಿ ಎಂಬುದನ್ನು ನೋಡದೆ ಬರೀ ಎಷ್ಟು ಹೊತ್ತು ಎಂದು ತೀರ್ಮಾನಿಸಹೊರಟರೆ ಎರಡೂ ಕಡೆ ಅನ್ಯಾಯವಾಗುತ್ತದೆ.

ಕಾನೂನಿನ ತೊಡಕು ಇಲ್ಲಿ ಹೆಚ್ಚಿಲ್ಲ. ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲವೆಂದು ಸುಪ್ರೀಂ ಕೋರ್ಟ್ 1994ರಲ್ಲಿ, ಕರ್ನಾಟಕದಿಂದಲೇ ಹೋದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. 2005ರ ಜುಲೈನಲ್ಲಿ ಅದೇ ನ್ಯಾಯಾಲಯ, ಗದ್ದಲವಿಲ್ಲದ ವಾತಾವರಣದಲ್ಲಿ ಬದುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಬೆಂಗಳೂರಿನಲ್ಲಿ ಲೈವ್ ಬ್ಯಾಂಡ್, ಡಿಸ್ಕೊತೆಕ್‌ಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯಗೊಳಿಸಿದ 2005ರ ಆದೇಶವನ್ನು 2018ರಲ್ಲಿ ಎತ್ತಿಹಿಡಿಯಿತು. ಒಂದು ಕಡೆ ಸರ್ಕಾರ ಕೊಡುವ ರಿಯಾಯಿತಿ, ಇನ್ನೊಂದು ಕಡೆ ಸಂವಿಧಾನ ಕೊಟ್ಟ ಹಕ್ಕು. ಆದರೂ ಇಂದಿರಾನಗರದ ನಿವಾಸಿಗಳು ಹೈಕೋರ್ಟ್ ಮೆಟ್ಟಿಲೇರಬೇಕಾಯಿತು. ನಿದ್ದೆ ಮಾಡಲು ರಿಟ್ ಅರ್ಜಿ ಬೇಕಾಗುವ ನಗರ ಹೆಮ್ಮೆಪಡುವಂಥದ್ದೇನಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಹನ್ನೊಂದರ ನಂತರದ ಅವಧಿಯನ್ನು ಪರವಾನಗಿಯೊಡನೆ ತಾನಾಗಿ ಬರುವ ಸೌಲಭ್ಯವೆಂದು ಭಾವಿಸುವುದನ್ನು ಬಿಡಬೇಕು. ಅದು ಸ್ಥಳವಾರು ಪರಿಶೀಲಿಸಿ, ಒಂದು ವರ್ಷದ ಮಟ್ಟಿಗೆ ಕೊಡುವ ಪ್ರತ್ಯೇಕ ಅನುಮತಿಯಾಗಲಿ. ಮುಂಬೈಯಲ್ಲಿ 2020ರ ಜನವರಿಯಲ್ಲಿ ದಿನದ 24 ಗಂಟೆಯೂ ಮಾಲ್, ಹೋಟೆಲುಗಳನ್ನು ತೆರೆಯಲು ಅವಕಾಶ ನೀಡಿದಾಗ ಮಹಾರಾಷ್ಟ್ರ ಸರ್ಕಾರ ಅದನ್ನು ವಸತಿಯೇತರ ಪ್ರದೇಶಗಳ ಮಾಲ್, ಗಿರಣಿ ಸಂಕೀರ್ಣಗಳಂಥ ತಾಣಗಳಿಗೆ ಸೀಮಿತಗೊಳಿಸಿತು. ಮದ್ಯ ಮಾರಾಟದ ವೇಳೆಯನ್ನು ಒಂದೂವರೆಗೇ ಉಳಿಸಿತು. ಆ ವಿವೇಚನೆ ನಮ್ಮಲ್ಲೇಕೆ ಸಾಧ್ಯವಿಲ್ಲ?

ಎರಡನೆಯದಾಗಿ, ನೆರೆಯವರ ಮಾತಿಗೆ ಕಡತದಲ್ಲಿ ಜಾಗವಿರಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2003ರ ಪರವಾನಗಿ ಕಾಯ್ದೆಯಡಿ ಅರ್ಜಿದಾರನು ಕಟ್ಟಡದ ಮುಂದೆ ತಿಳಿನೀಲಿ ಬಣ್ಣದ ನೋಟಿಸನ್ನು 28 ದಿನ ಅಂಟಿಸಬೇಕು. ಯಾವ ನಿವಾಸಿಯಾದರೂ ಸ್ಥಳೀಯ ಸಂಸ್ಥೆಗೆ ಆಕ್ಷೇಪಣೆ ಸಲ್ಲಿಸಬಹುದು, ನಂತರ ತೊಂದರೆಯಾದರೆ ಮರುಪರಿಶೀಲನೆ ಕೇಳಬಹುದು. ನಮ್ಮಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಚುನಾಯಿತ ಮಂಡಳಿಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ದೂರು ಹೇಳಿಕೊಳ್ಳಲು ಕಾರ್ಪೊರೇಟರ್ ಕೂಡ ಇರಲಿಲ್ಲ. 2025ರಲ್ಲಿ ರಚನೆಯಾದ ಐದು ಪಾಲಿಕೆಗಳಿಗೆ, ಅವುಗಳ ವಾರ್ಡ್ ಸಮಿತಿಗಳಿಗೆ ಈ ಹೊಣೆಯನ್ನು ವಹಿಸಬಹುದು.

ಮೂರನೆಯದಾಗಿ, ಬೆಲೆಯನ್ನು ಅದಕ್ಕೆ ಕಾರಣರಾದವರೇ ತೆರಲಿ. ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು 2011ರ ಕಾಯ್ದೆಯ ಪ್ರಕಾರ ಮಧ್ಯರಾತ್ರಿಯ ನಂತರದ ಮದ್ಯ ಮಾರಾಟಕ್ಕೆ ವಿಶೇಷ ಶುಲ್ಕ ವಿಧಿಸಿ, ಅದರ ಬಹುಭಾಗವನ್ನು ಪೊಲೀಸ್ ವ್ಯವಸ್ಥೆಗೆ ನೀಡಬಹುದು. ಅಂಥ ಶುಲ್ಕ ಇಲ್ಲಿಯೂ ಬರಲಿ. ಅದು ಖಜಾನೆಯ ಸಾಗರಕ್ಕೆ ಸೇರದೆ ಆಯಾ ವಾರ್ಡಿನ ರಾತ್ರಿ ಗಸ್ತು, ಸ್ವಚ್ಛತೆ, ಬಸ್ಸುಗಳಿಗೆ ಬಳಕೆಯಾಗಲಿ. ತಾರಸಿಯಲ್ಲಿ ಹತ್ತರ ನಂತರ ಧ್ವನಿವರ್ಧಕ ಬೇಡವೇ ಬೇಡ. ಒಳಾಂಗಣದ ಶಬ್ದನಿರೋಧಕ ವ್ಯವಸ್ಥೆಯನ್ನು ಪಕ್ಕದ ಮನೆಯ ಮಲಗುವ ಕೋಣೆಯಲ್ಲಿ ನಿಂತು ಅಳೆದು ನೋಡಿದ ಮೇಲೆಯೇ ತಡರಾತ್ರಿಯ ಅನುಮತಿ ಸಿಗಬೇಕು. ಎರಡು ಬಾರಿ ದೂರು ರುಜುವಾತಾದರೆ ಹೆಚ್ಚುವರಿ ಗಂಟೆ ತಾನಾಗಿ ರದ್ದಾಗಲಿ.

ಇವುಗಳಲ್ಲಿ ಯಾವುದೂ ಉದ್ಯಮವನ್ನು ಮುಳುಗಿಸುವಂಥದ್ದಲ್ಲ. ನಿಯಮ ಪಾಲಿಸುವ, ವಾಣಿಜ್ಯ ಬೀದಿಯಲ್ಲಿರುವ ಮಾಲೀಕನಿಗೆ ಇದರಿಂದ ಅನುಕೂಲವೇ ಹೆಚ್ಚು. ಮನೆಗಳ ನಡುವೆ ಕಡಿಮೆ ಬಾಡಿಗೆಗೆ ನುಸುಳಿದವನೊಡನೆ ಆತ ಸ್ಪರ್ಧಿಸಬೇಕಾಗುವುದಿಲ್ಲ. ರಾತ್ರಿ ಹನ್ನೆರಡರಿಂದ ಒಂದರವರೆಗಿನ ಆ ಗಂಟೆಯನ್ನು ಸರ್ಕಾರ ತನ್ನ ಸ್ವತ್ತೆಂಬಂತೆ ಹಂಚುತ್ತಿದೆ. ವಸತಿ ಬೀದಿಗಳಲ್ಲಿ ಅದು ಅಲ್ಲಿ ಮಲಗುವವರ ಸ್ವತ್ತು. ಅವರನ್ನು ಕೇಳದೆ ಅದನ್ನು ಬೇರೆಯವರಿಗೆ ಬರೆದುಕೊಡುವ ಅಧಿಕಾರ ಯಾವ ಇಲಾಖೆಗೂ ಇರಬಾರದು.