ಹತ್ತು ಸೆಂಟಿನ ನಾಣ್ಯದ ಮೀನು

ಬಹಾಮಾಸ್ ದೇಶದ ಹತ್ತು ಸೆಂಟಿನ ನಾಣ್ಯದ ಅಂಚು ಅಲೆಅಲೆಯಾಗಿದೆ. ನಮ್ಮ ಹಿರಿಯರು ಒಂದು ಕಾಲದಲ್ಲಿ ಅಂಗಡಿಗೆ ಒಯ್ಯುತ್ತಿದ್ದ ಅಲ್ಯುಮಿನಿಯಂನ ಹತ್ತು ಪೈಸೆಯನ್ನು ನೆನಪಿಸುವ ಆಕಾರ. ಅದರ ಮೇಲೆ ಅಚ್ಚಾಗಿರುವುದು ಜೋಡಿ ಮೀನು, ಹೆಸರು ಬೋನ್‌ಫಿಶ್. ಮೈತುಂಬ ಸಣ್ಣ ಮುಳ್ಳುಗಳಿರುವುದರಿಂದ ಬಂದ ಹೆಸರು ಅದು. ಆ ದೇಶದಲ್ಲಿ ಈ ಮೀನನ್ನು ಬಲೆ ಬೀಸಿ ಹಿಡಿಯುವಂತಿಲ್ಲ, ಮಾರುವಂತಿಲ್ಲ, ಕೊಳ್ಳುವಂತೆಯೂ ಇಲ್ಲ. ಹೀಗೆ ಪೇಟೆಯಲ್ಲಿ ಬೆಲೆಯೇ ಇಲ್ಲದ ಈ ಮೀನಿನಿಂದ ದೇಶಕ್ಕೆ ವರ್ಷಕ್ಕೆ ಸುಮಾರು 14 ಕೋಟಿ ಡಾಲರ್‌ಗಳ ವಹಿವಾಟು ಒದಗುತ್ತದೆಂದು 2010ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಹಿಡಿದ ಮೀನನ್ನು ಮರಳಿ ನೀರಿಗೇ ಬಿಡುವುದರಿಂದ ಬರುವ ಹಣ ಇದು.

ಅಮೆರಿಕದ ಫ್ಲಾರಿಡಾದ ಆಗ್ನೇಯಕ್ಕೆ ಚೆಲ್ಲಿಕೊಂಡಿರುವ ಸುಮಾರು 700 ದ್ವೀಪಗಳ ನಾಡು ಬಹಾಮಾಸ್. 1973ರಲ್ಲಿ ಸ್ವತಂತ್ರವಾಯಿತು. ಅದರ ದ್ವೀಪಗಳಲ್ಲೆಲ್ಲ ದೊಡ್ಡದು ಆಂಡ್ರೋಸ್. ಆಂಡ್ರೋಸಿನ ಪಶ್ಚಿಮ ಮಗ್ಗುಲಲ್ಲಿ ನೆಲ ಎಲ್ಲಿ ಮುಗಿಯಿತು, ಕಡಲು ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆದು ತೋರಿಸುವುದು ಕಷ್ಟ. ಸುಣ್ಣದಂತಹ ಬಿಳಿಯ ಕೆಸರು, ಅಲ್ಲಲ್ಲಿ ಕಡಲಹುಲ್ಲು, ಬೇರುಗಳನ್ನು ನೀರಿನಲ್ಲಿ ಊರಿ ನಿಂತ ಕಾಂಡ್ಲ ಗಿಡಗಳು, ಮೊಣಕಾಲಿನವರೆಗಿನ ಬೆಚ್ಚಗಿನ ನೀರು, ಇವೇ ಮೈಲಿಗಟ್ಟಲೆ. ನಮ್ಮ ಶಿರಿಯ ಅಥವಾ ಚಂದ್ರಗಿರಿಯ ಅಳಿವೆಯನ್ನು ನೂರಾರು ಪಾಲು ಹಿಗ್ಗಿಸಿ, ನೀರನ್ನು ಗಾಜಿನಷ್ಟು ತಿಳಿಯಾಗಿಸಿದರೆ ಒಂದಿಷ್ಟು ಕಲ್ಪನೆಗೆ ಬಂದೀತು. ಉಬ್ಬರಕ್ಕೂ ಇಳಿತಕ್ಕೂ ಅಲ್ಲಿ ವ್ಯತ್ಯಾಸ ಒಂದು ಮೀಟರಿನ ಆಸುಪಾಸು ಮಾತ್ರ. ಆದರೆ ನೆಲ ಸಮತಟ್ಟಾಗಿರುವುದರಿಂದ ಒಂದು ಗೇಣು ನೀರು ಏರಿದರೂ ಅದು ಬಹುದೂರ ಹರಡಿಕೊಳ್ಳುತ್ತದೆ. ಈ ಕಡಲಬಯಲಿಗೆ ನೀರಿನೊಡನೆ ಮೇಯಲು ಬರುವುದು ಬೋನ್‌ಫಿಶ್. ನೀರು ಇಳಿಯುವಾಗ ಹಿಂದಿರುಗುತ್ತದೆ. ಹುಲ್ಲುಗಾವಲಿಗೆ ಹೋಗಿ ಬರುವ ದನಗಳ ಮಂದೆಯ ಹಾಗೆ ಅದಕ್ಕೊಂದು ಹಾದಿಯೂ ಹೊತ್ತೂ ಉಂಟು.

ಮೀನಿನ ಮೈ ಬೆಳ್ಳಿ. ಹುರುಪೆಗಳು ಸಣ್ಣ ಕನ್ನಡಿಗಳಂತೆ ಸುತ್ತಣ ಬಣ್ಣವನ್ನೇ ಪ್ರತಿಬಿಂಬಿಸುವುದರಿಂದ ಎರಡಾಳು ದೂರದಲ್ಲಿದ್ದರೂ ಹೊಸಬನ ಕಣ್ಣಿಗೆ ಅದು ಬೀಳುವುದಿಲ್ಲ. ಬಿಳಿಯ ನೆಲದ ಮೇಲೆ ಸರಿಯುವ ಅದರ ನೆರಳು ಮಾತ್ರ ಕಂಡೀತು. ಕೆಸರಿಗೆ ಮೂತಿಯಿಟ್ಟು ಏಡಿ, ಸಿಗಡಿ, ಚಿಪ್ಪುಗಳನ್ನು ಕೆದಕಿ ತೆಗೆದು ಬಾಯೊಳಗೇ ಅರೆದು ನುಂಗುತ್ತದೆ. ನೀರು ತೀರ ಕಡಿಮೆಯಿದ್ದಾಗ ತಲೆ ಕೆಳಗಾಗಿ ಮೇಯುವ ಮೀನಿನ ಬಾಲ ಮೇಲೆದ್ದು ಬಿಸಿಲಿಗೆ ಹೊಳೆಯುವುದುಂಟು. ಬಿಸಿನೀರಿನಲ್ಲಿ ಪ್ರಾಣವಾಯು ಕಡಿಮೆಯಾದರೆ ಮೇಲಕ್ಕೆ ಬಂದು ಗಾಳಿಯನ್ನೇ ಗುಟುಕರಿಸುವ ಶಕ್ತಿಯೂ ಅದಕ್ಕಿದೆ. ಸಾಮಾನ್ಯವಾಗಿ ಒಂದೆರಡು ಕಿಲೋ ತೂಗುವ ಈ ಮೀನು ಗಾಳಕ್ಕೆ ಸಿಕ್ಕಿತೆಂದರೆ ಒಂದೇ ಓಟಕ್ಕೆ ನೂರು ಮೀಟರಿನಷ್ಟು ದಾರವನ್ನು ಎಳೆದೊಯ್ಯಬಲ್ಲದು. ಆ ಓಟಕ್ಕಾಗಿಯೇ ಸಮುದ್ರ ದಾಟಿ ಜನ ಬರುತ್ತಾರೆ.

ಬಂದವರು ಬಳಸುವುದು ಫ್ಲೈ ಗಾಳ. ಸಾಧಾರಣ ಗಾಳದಲ್ಲಿ ಇರೆಯ ಅಥವಾ ಸೀಸದ ಗುಂಡಿನ ಭಾರವೇ ದಾರವನ್ನು ದೂರಕ್ಕೆ ಒಯ್ಯುತ್ತದೆ. ಇಲ್ಲಿ ಕೊಕ್ಕೆಗೆ ಭಾರವೇ ಇಲ್ಲವೆನ್ನಬಹುದು. ನೂಲು, ಗರಿ, ರೋಮಗಳಿಂದ ಕಟ್ಟಿದ ಸಿಗಡಿಯ ಒಂದು ಹುಸಿರೂಪವಷ್ಟೇ ಅದು. ಭಾರವಿರುವುದು ದಪ್ಪನೆಯ ದಾರದಲ್ಲಿ. ಒಂಬತ್ತು ಅಡಿಯ ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ದಾರವನ್ನು ಗಾಳಿಯಲ್ಲಿ ಬಿಚ್ಚಿಸಿ, ಕೊನೆಯಲ್ಲಿ ಆ ಹುಸಿ ಸಿಗಡಿಯನ್ನು ಸದ್ದಿಲ್ಲದೆ ನೀರಿಗೆ ಇಳಿಸಬೇಕು. ತುಸು ಸದ್ದಾದರೂ ಮಂದೆ ಚದರಿ ಮಾಯವಾಗುತ್ತದೆ.

ಕೋಲು ಹಿಡಿದವನು ಅತಿಥಿ. ನಿಜವಾದ ಮೀನುಗಾರ ಅವನ ಹಿಂದೆ ನಿಂತಿರುತ್ತಾನೆ. ಸಪಾಟಾದ ಸಣ್ಣ ದೋಣಿಯ ಹಿಂಬದಿಯಲ್ಲಿ, ಯಂತ್ರದ ಮೇಲೆ ಕಟ್ಟಿದ ಅಟ್ಟಣೆಯನ್ನೇರಿ, 18–20 ಅಡಿಯ ಗಳವನ್ನು ನೆಲಕ್ಕೂರಿ ದೋಣಿಯನ್ನು ನಡೆಸುವ ಮಾರ್ಗದರ್ಶಿ ಅವನು. ಬಯಲಿಗೆ ಬಂದೊಡನೆ ಯಂತ್ರ ನಿಲ್ಲುತ್ತದೆ. ಬಳಿಕ ಗಳದ್ದೇ ಕೆಲಸ. ಸೂರ್ಯ ಬೆನ್ನಿಗಿರಬೇಕು, ಗಾಳಿ ಅತಿಥಿಯ ಕೈಗೆ ಅಡ್ಡಬರಬಾರದು, ದೋಣಿಯ ನೆರಳು ಮೀನಿನ ಮೇಲೆ ಬೀಳಬಾರದು, ಗಳ ಕಲ್ಲಿಗೆ ತಾಗಿ ಸದ್ದಾಗಬಾರದು. ಇದೆಲ್ಲವನ್ನೂ ನೋಡಿಕೊಳ್ಳುತ್ತ ಕಣ್ಣು ನೀರಿನಲ್ಲಿ ನೆಟ್ಟಿರಬೇಕು. ದಿಕ್ಕು ಹೇಳಲು ಗಡಿಯಾರದ ಲೆಕ್ಕ: ದೋಣಿಯ ಮೂತಿಯೇ ಹನ್ನೆರಡು ಗಂಟೆ. ‘ಹತ್ತು ಗಂಟೆ, ನಲವತ್ತು ಅಡಿ’ ಎಂದರೆ ಎಡಕ್ಕೆ ಅಷ್ಟು ದೂರದಲ್ಲಿ ಮೀನಿದೆಯೆಂದು ಅರ್ಥ. ಹುಸಿ ಸಿಗಡಿ ನೀರಿಗಿಳಿದ ಮೇಲೆ, ಎಳೆ, ಎಳೆ, ನಿಲ್ಲಿಸು ಎಂಬ ಪಿಸುಮಾತು. ಅತಿಥಿಗೆ ಆಗಲೂ ಮೀನು ಕಂಡಿರುವುದಿಲ್ಲ. ನೀರಿನ ಮೇಲಿನ ಪ್ರತಿಫಲನದ ಹೊಳಪನ್ನು ತಡೆಯುವ ಪೋಲರೈಸ್ಡ್ ಕನ್ನಡಕ ಇಬ್ಬರಿಗೂ ಇರುತ್ತದೆ; ಆದರೆ ಕನ್ನಡಕ ತೋರಿಸುವುದನ್ನು ಓದಲು ಬಾಲ್ಯದಿಂದ ಆ ನೀರಿನಲ್ಲೇ ಓಡಾಡಿದ ಕಣ್ಣು ಬೇಕು. ದಿನವೊಂದಕ್ಕೆ ದೋಣಿಗೆ ಐನೂರು ಡಾಲರಿಗೂ ಮೇಲ್ಪಟ್ಟು ಕೊಡುವವರು ಹಣ ತೆರುವುದು ದೋಣಿಗಲ್ಲ, ಆ ಕಣ್ಣಿಗೆ. ಅಪ್ಪನಿಂದ, ಮಾವನಿಂದ ದೋಣಿಯಲ್ಲಿ ನಿಂತೇ ಕಲಿತ ವಿದ್ಯೆ ಅದು.

ಈ ಬಯಲಿನ ಒಂದು ಪ್ರಸಿದ್ಧ ಹುಸಿ ಸಿಗಡಿಗೆ ಮಾರ್ಗದರ್ಶಿಯ ಹೆಸರೇ ಉಳಿದಿದೆ. ಆಂಡ್ರೋಸಿನ ಚಾರ್ಲಿ ಸ್ಮಿತ್ ಅವರೊಡನೆ 1977ರಲ್ಲಿ ಮೀನು ಹಿಡಿಯುತ್ತಿದ್ದ ಅಮೆರಿಕದ ಬಾಬ್ ನಾಹೈಮ್ ಕಟ್ಟಿದ ‘ಕ್ರೇಜಿ ಚಾರ್ಲಿ’ ಅದು. ಮಣಿಸರದ ಎರಡು ಮಣಿಗಳೇ ಅದಕ್ಕೆ ಕಣ್ಣು. ಆ ಭಾರದಿಂದ ಕೊಕ್ಕೆಯ ಮೊನೆ ಮೇಲ್ಮುಖವಾಗಿ ತಿರುಗುವುದರಿಂದ ನೆಲದ ಹುಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ.

ಇನ್ನೊಬ್ಬ ಮಾರ್ಗದರ್ಶಿಯ ಕಥೆಯನ್ನು ಶಾಲೆಗೆ ಹೋಗುವ ಮಕ್ಕಳು ಅವಶ್ಯ ತಿಳಿಯಬೇಕು. ಬಿಮಿನಿ ದ್ವೀಪದ ಆನ್ಸಿಲ್ ಸಾಂಡರ್ಸ್ ದೋಣಿ ಕಟ್ಟುವವರು, ಬೋನ್‌ಫಿಶ್ ಮಾರ್ಗದರ್ಶಿ. 1964ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಆ ದ್ವೀಪಕ್ಕೆ ಬಂದಾಗ ಸಾಂಡರ್ಸ್ ಅವರನ್ನು ದೋಣಿಯಲ್ಲಿ ಕಾಂಡ್ಲ ಕಾಡಿನ ನಡುವಿನ ನಿಶ್ಶಬ್ದವಾದ ತೋಡಿಗೆ ಕರೆದೊಯ್ದರು. ಕಿಂಗ್ ಹೋದದ್ದು ಮೀನಿಗಾಗಿ ಅಲ್ಲ. ನೊಬೆಲ್ ಶಾಂತಿ ಪ್ರಶಸ್ತಿಯನ್ನು ಸ್ವೀಕರಿಸುವಾಗ ಮಾಡಬೇಕಿದ್ದ ಭಾಷಣವನ್ನು ಬರೆಯುವುದಕ್ಕೆ. 1968ರಲ್ಲಿ, ಹತ್ಯೆಗೆ ಸ್ವಲ್ಪವೇ ಮುನ್ನ, ಮೆಂಫಿಸಿನ ಪೌರಕಾರ್ಮಿಕರ ಮುಷ್ಕರಕ್ಕೆ ಹೊರಟಿದ್ದಾಗಲೂ ಅವರು ಅಲ್ಲಿಗೆ ಬಂದಿದ್ದರು. ಆ ತೋಡಿನ ಕಾಂಡ್ಲಗಳ ನಡುವೆ ಇಂದು ಕಿಂಗ್ ಅವರ ಪ್ರತಿಮೆಯಿದೆ.

ತಿನ್ನುವುದಿಲ್ಲವಾದರೆ ಹಿಡಿಯುವುದೇಕೆ? ನಮ್ಮ ಕಡಲತಡಿಯ ಮನೆಗಳಲ್ಲಿ ಯಾರೂ ಕೇಳುವ ಪ್ರಶ್ನೆ ಇದು, ಕೇಳತಕ್ಕದ್ದೂ ಹೌದು. ಕೊಕ್ಕೆ ಚುಚ್ಚಿಸಿಕೊಂಡು ಪ್ರಾಣಭಯದಿಂದ ಓಡುವ ಮೀನಿಗೆ ಇದು ವಿನೋದವಲ್ಲ. ‘ಬಿಟ್ಟೆವು’ ಎಂದೊಡನೆ ಅದು ಬದುಕಿತೆಂದೂ ಅಲ್ಲ. ಬಹಾಮಾಸಿನ ಎಲ್ಯೂಥೆರಾ ದ್ವೀಪದಲ್ಲಿ ವಿಜ್ಞಾನಿಗಳು ನಡೆಸಿದ ಪರೀಕ್ಷೆಗಳಲ್ಲಿ, ದಣಿದು ಸಮತೋಲ ತಪ್ಪಿ ಮಗ್ಗುಲಾದ ಮೀನು ಶಾರ್ಕಿನ ಮತ್ತು ಬರಾಕುಡಾ ಮೀನಿನ ಬಾಯಿಗೆ ಬೀಳುವ ಸಂಭವ ಆರು ಪಟ್ಟಿಗೂ ಹೆಚ್ಚೆಂದು ಕಂಡುಬಂತು. ನೀರಿನಿಂದ ಹೊರಗೆ ಹಿಡಿದಷ್ಟೂ ಹೊತ್ತು ಮೀನು ಸೋಲುತ್ತದೆ. ಆದುದರಿಂದ ಬಲ್ಲ ಮಾರ್ಗದರ್ಶಿಗಳು ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರುತ್ತಾರೆ, ಕೈ ಒದ್ದೆ ಮಾಡಿಕೊಂಡೇ ಮೀನನ್ನು ಮುಟ್ಟುತ್ತಾರೆ, ನೀರಿನಲ್ಲೇ ಬಿಡಿಸುತ್ತಾರೆ, ಶಾರ್ಕ್ ಸುಳಿದರೆ ಆ ಜಾಗವನ್ನೇ ಬಿಟ್ಟು ಹೊರಡುತ್ತಾರೆ. ಅತಿಥಿಯ ಛಾಯಾಚಿತ್ರದ ಹಂಬಲಕ್ಕೂ ಮೀನಿನ ಉಸಿರಿಗೂ ನಡುವೆ ನಿಂತು ಬೇಡವೆನ್ನುವುದು ಹಣ ಕೊಟ್ಟವನೆದುರು ಸುಲಭದ ಮಾತಲ್ಲ. ಈ ಆಟವನ್ನು ಪುಣ್ಯಕಾರ್ಯವೆಂದು ನಾನು ಹೇಳಲಾರೆ. ಆದರೆ ಬಲೆಗೆ ಸಿಕ್ಕಿದ ಮೀನು ಒಮ್ಮೆ ಮಾತ್ರ ಒಂದು ಮನೆಯ ಊಟ. ಬಯಲಿನಲ್ಲಿರುವ ಮೀನಿನಿಂದ ವರ್ಷವರ್ಷವೂ ಒಂದು ಊರಿನ ಮಕ್ಕಳ ಶಾಲೆಯ ಖರ್ಚು ನಡೆಯುತ್ತದೆಂಬುದೂ ಸುಳ್ಳಲ್ಲ.

ಬಯಲೊಂದನ್ನು ಕಾದರೆ ಈ ಮೀನು ಉಳಿಯುವುದೂ ಇಲ್ಲ. ಅಕ್ಟೋಬರದಿಂದ ಏಪ್ರಿಲಿನವರೆಗೆ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ, ಸಾವಿರಾರು ಬೋನ್‌ಫಿಶ್‌ಗಳು ಆಳವಿರುವ ದಡದಂಚಿನಲ್ಲಿ ನೆರೆದು, ಇರುಳಿನಲ್ಲಿ ಹೊರಕಡಲಿಗೆ ಹೋಗಿ ಮೊಟ್ಟೆಯಿಡುತ್ತವೆ. ಅಬಾಕೋ ದ್ವೀಪದ ಬಳಿ ಗುರುತುಯಂತ್ರ ಕಟ್ಟಿ ಬಿಟ್ಟ ಮೀನೊಂದನ್ನು ಹಿಂಬಾಲಿಸಿದಾಗ, ಮೊಣಕಾಲುದ್ದ ನೀರಿನ ಈ ಪ್ರಾಣಿ 137 ಮೀಟರ್ ಆಳಕ್ಕೆ ಇಳಿದುದು ದಾಖಲಾಯಿತು. ಪಾರದರ್ಶಕವಾದ ಪಟ್ಟಿಯಂತಹ ಮರಿಗಳು 41ರಿಂದ 71 ದಿನ ಪ್ರವಾಹದಲ್ಲಿ ತೇಲಿ ಎಲ್ಲಿಯೋ ದಡ ಸೇರುತ್ತವೆ. ಹೀಗಾಗಿ ಒಂದು ದ್ವೀಪದ ದಡದಂಚಿನಲ್ಲಿ ಬಂದರಿಗಾಗಿ ಹೂಳೆತ್ತಿದರೆ ಕೆಟ್ಟೀತಾದುದು ಇನ್ನೊಂದು ದ್ವೀಪದ ಬಯಲು. ಆಂಡ್ರೋಸಿನ ಪಶ್ಚಿಮದ ಕಡಲಬಯಲನ್ನು 2002ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಿ, 2012ರಲ್ಲಿ ಬಹುಪಾಲು ವಿಸ್ತರಿಸಿದರು. ಅಲ್ಲಿನ ಮಾರ್ಗದರ್ಶಿಗಳ ಅನುಭವವೂ ಆ ಮೇರೆಯ ಹಿಂದಿದೆ.

ದುಡಿಮೆ ಯಾರದು, ದುಡ್ಡು ಯಾರಿಗೆ ಎಂಬ ಜಗಳವೂ ಆಗಿದೆ. ವಸತಿಗೃಹಗಳಲ್ಲಿ ಅನೇಕವು ಹೊರದೇಶದವರ ಕೈಯಲ್ಲಿವೆ. ಮಾರ್ಗದರ್ಶಿಯಿಲ್ಲದೆ ತಾನೇ ನಡೆದುಹೋಗಿ ಮೀನು ಹಿಡಿಯುವ ಪ್ರವಾಸಿಗರೂ ಇದ್ದಾರೆ. 2015ರಲ್ಲಿ ಹೊರಬಂದ ನಿಯಮಗಳ ಕರಡಿನ ಮೇಲೆ ಈ ಎಲ್ಲರ ನಡುವೆ ಬಿಸಿಬಿಸಿ ವಾದ ನಡೆದು, 2017ರಲ್ಲಿ ನಿಯಮಾವಳಿ ಜಾರಿಗೆ ಬಂತು. ಹೊರದೇಶದ ಗಾಳಗಾರ ಈಗ ಪರವಾನಗಿ ಪಡೆಯಬೇಕು.

2019ರ ಸೆಪ್ಟೆಂಬರ್ 1ರಂದು ಡೋರಿಯನ್ ಚಂಡಮಾರುತ ಅಬಾಕೋ ದ್ವೀಪಕ್ಕೆ ಅಪ್ಪಳಿಸಿ, ಬಳಿಕ ಗ್ರ್ಯಾಂಡ್ ಬಹಾಮಾ ದ್ವೀಪದ ಮೇಲೆ ದಿನವಿಡೀ ಕದಲದೆ ನಿಂತಿತು. ಮನೆಗಳು ಹೋದವು, ದೋಣಿಗಳು ಹೋದವು, ಅನೇಕ ಜೀವಗಳೂ ಹೋದವು. ಕೆಸರನ್ನು ಹಿಡಿದಿಟ್ಟು ಏಡಿ ಸಿಗಡಿಗಳಿಗೆ ಆಸರೆಯಾಗಿದ್ದ ಕಾಂಡ್ಲ ಕಾಡು ಮೈಲಿಗಟ್ಟಲೆ ಒಣಗಿ ಬೂದುಬಣ್ಣಕ್ಕೆ ತಿರುಗಿತು. ಬೋನ್‌ಫಿಶ್ ಆ್ಯಂಡ್ ಟಾರ್ಪನ್ ಟ್ರಸ್ಟ್ ಎಂಬ ಸಂಸ್ಥೆ ಸ್ಥಳೀಯರೊಡಗೂಡಿ ಒಂದು ಲಕ್ಷ ಸಸಿ ನೆಡುವ ಗುರಿಯಿಟ್ಟುಕೊಂಡಿತು. ನೆಟ್ಟದ್ದು ಕೆಂಪು ಕಾಂಡ್ಲ, ನಮ್ಮ ಅಳಿವೆಗಳ ರೈಜೋಫೋರ ಕುಲದ್ದೇ ಗಿಡ. ಬೀಜ ಮರದಲ್ಲಿರುವಾಗಲೇ ಮೊಳೆತು ನೀಳವಾದ ಕೋಡಿನಂತೆ ತೂಗುತ್ತದೆ. ಅತಿಥಿಗಳನ್ನು ಒಯ್ಯುತ್ತಿದ್ದ ಸಪಾಟು ದೋಣಿಗಳಲ್ಲಿ ಆಗ ಸಸಿಗಳ ತಟ್ಟೆಗಳು. ದೋಣಿಯಿಂದ ಇಳಿದವರಲ್ಲಿ ಮಾರ್ಗದರ್ಶಿಗಳಿದ್ದರು, ಶಾಲೆಯ ಮಕ್ಕಳಿದ್ದರು. ಇಳಿತದ ಹೊತ್ತು ನೋಡಿ, ಕೆಸರಿನಲ್ಲಿ ಕುಳಿ ಮಾಡಿ, ಒಂದೊಂದೇ ಸಸಿಯನ್ನು ಊರಿ, ನೀರು ಏರುವ ಮೊದಲು ಅವರು ಹಿಂದಿರುಗುತ್ತಿದ್ದರು.