ಒಂದೇ ಮನೆಯ ಎರಡು ಗಂಡುಮರಿಗಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ತೋಟವೂ ಹುಳುಮನೆಯೂ ಇರುವ ಕಡೆ ಬೆಕ್ಕೊಂದು ಸುಳಿದಾಡುವುದನ್ನು ನೀವು ಕಂಡಿರಬಹುದು. ಮೊಟ್ಟೆಯೊಡೆದು ಬಂದ ರೇಷ್ಮೆಹುಳು ನಾಲ್ಕು ಜ್ವರಗಳನ್ನು ದಾಟಿ, ಹಣ್ಣಾಗಿ, ಚಂದ್ರಿಕೆಯನ್ನೇರಲು ಸುಮಾರು 25 ದಿನಗಳು ಬೇಕು. ಅಷ್ಟು ದಿನವೂ ಮನೆಮಂದಿ ನಿದ್ದೆಗೆಟ್ಟು ಸೊಪ್ಪು ಹಾಕುತ್ತಾರೆ. ಇಲಿಗಾದರೋ ಆ ಹುಳು ಔತಣದ ಅಡುಗೆ. ಗೂಡು ಕಟ್ಟಿದ ಮೇಲೂ ಅದು ಬಿಡುವುದಿಲ್ಲ. ಗೂಡನ್ನು ಕತ್ತರಿಸಿ ಒಳಗಿನ ಹುಳುವನ್ನು ತಿನ್ನುತ್ತದೆ. ತೂತಾದ ಗೂಡಿನಿಂದ ಅಖಂಡವಾದ ಎಳೆಯನ್ನು ಬಿಚ್ಚಲಾಗದು. ಜಪಾನಿನ ರೇಷ್ಮೆ ಬೆಳೆಗಾರರೂ ಹಿಂದೆ ಇದೇ ಕಾರಣಕ್ಕೆ ಬೆಕ್ಕುಗಳನ್ನು ಆದರಿಸುತ್ತಿದ್ದರು. ಇಲಿಯ ಕಾಟ ತಪ್ಪಲೆಂದು ಬೆಕ್ಕಿನ ಚಿತ್ರವನ್ನು ಗೋಡೆಗೆ ಅಂಟಿಸುವ ವಾಡಿಕೆಯೂ ಅಲ್ಲಿತ್ತು. ಚಿತ್ರದ ಬೆಕ್ಕು ಎಷ್ಟು ಇಲಿಗಳನ್ನು ಓಡಿಸಿತೋ ತಿಳಿಯದು, ಜಗಳವನ್ನಂತೂ ಆಡಿರಲಾರದು.

ನಾನು ಉಪಾಧ್ಯಾಯನಾಗಿ ಚನ್ನಪಟ್ಟಣದ ಸಮೀಪದ ಹಳ್ಳಿಯೊಂದರಲ್ಲಿದ್ದಾಗ, ಹುಳು ಸಾಕುತ್ತಿದ್ದ ಮನೆಯ ಒಡತಿ ಒಂದೇ ಸೂಲಿನ ಎರಡು ಗಂಡುಮರಿಗಳನ್ನು ನನಗೆ ಕೊಟ್ಟರು. ಕಪ್ಪಗಿದ್ದುದಕ್ಕೆ ಕರಿಯನೆಂದೂ ಕೆಂಪಗಿದ್ದುದಕ್ಕೆ ಕೆಂಚನೆಂದೂ ಹೆಸರಿಟ್ಟೆವು. ಎರಡೂ ಒಂದೇ ಗೋಣಿಚೀಲದ ಮೇಲೆ, ಯಾವ ಬಾಲ ಯಾರದೆಂದು ತಿಳಿಯದಂತೆ ಹೆಣೆದುಕೊಂಡು ಮಲಗುತ್ತಿದ್ದವು. ಹತ್ತು ತಿಂಗಳು ತುಂಬುವ ಹೊತ್ತಿಗೆ ಎಲ್ಲವೂ ತಿರುಗಿಬಿದ್ದಿತು. ಬಾಗಿಲು, ಕಂಬ, ನನ್ನ ಪುಸ್ತಕದ ಬೀರು ಎಲ್ಲವೂ ಮೂತ್ರದ ಘಾಟು ನಾರತೊಡಗಿದವು. ರಾತ್ರಿಯೆಲ್ಲ ಮಾಡಿನ ಮೇಲೆ ಕೂಗಾಟ. ಒಂದು ದಿನ ಕೆಂಚನ ಕೆನ್ನೆ ಊದಿಕೊಂಡಿತು. ಹೊರಗೆ ಕಂಡದ್ದು ಸೂಜಿಯ ಮೊನೆಯಷ್ಟು ಗಾಯ. ತಾನಾಗಿ ಮಾಯುವುದೆಂದು ನಾನು ಸುಮ್ಮನಾದೆ. ನಾಲ್ಕನೆಯ ದಿನ ಅದು ಮನೆಯಿಂದ ಹೊರಟುಹೋಯಿತು, ಮರಳಿ ಬರಲಿಲ್ಲ. ಬೆಕ್ಕಿನ ಕೋರೆಹಲ್ಲು ಆಳಕ್ಕಿಳಿಯುತ್ತದೆ. ಮೇಲಿನ ಚರ್ಮ ಬೇಗ ಮುಚ್ಚಿಕೊಳ್ಳುತ್ತದೆ. ಒಳಗೆ ಕೀವು ಬೆಳೆಯುತ್ತದೆ. ಇದನ್ನು ನಾನು ಅರಿತದ್ದು ತಡವಾಗಿ.

ಜೊತೆಯಲ್ಲಿ ಬೆಳೆದವು ಹಗೆಗಳಾದುದೇಕೆ? ನಮ್ಮ ಮನೆಬೆಕ್ಕಿನ ಪೂರ್ವಜ ಆಫ್ರಿಕದ ಕಾಡುಬೆಕ್ಕು. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯದ ಬೇಸಾಯಗಾರರ ಕಣಜಗಳಿಗೆ ಇಲಿಗಳು ಬಂದವು. ಇಲಿಗಳ ಹಿಂದೆಯೇ ಅದೂ ಬಂದಿತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನೊಬ್ಬನ ಪಕ್ಕದಲ್ಲಿಯೇ ಬೆಕ್ಕನ್ನು ಹೂಳಿದ್ದ, ಸುಮಾರು 9,500 ವರ್ಷ ಹಳೆಯದಾದ ಸಮಾಧಿ ದೊರೆತಿರುವುದನ್ನು 2004ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಸಿಂಹ ಹಿಡಿಯುವ ಬೇಟೆ ಒಂದು ಗುಂಪಿಗೆ ಸಾಕಾಗುತ್ತದೆ. ಇಲಿ ಒಂದು ಬಾಯಿಗೆ ಮಾತ್ರ ಸಾಕು. ಆದ್ದರಿಂದ ಕಾಡುಬೆಕ್ಕು ಒಂಟಿ ಬೇಟೆಗಾರ, ತನ್ನ ನೆಲವನ್ನು ತಾನೇ ಕಾಯುವ ಜೀವಿ. ಗಂಡು ಪ್ರಾಯಕ್ಕೆ ಬಂದಾಗ ರಕ್ತದಲ್ಲಿ ಹೆಚ್ಚುವ ಗಂಡು ಹಾರ್ಮೋನು ಆ ಹಳೆಯ ಸ್ವಭಾವವನ್ನು ಬಡಿದೆಬ್ಬಿಸುತ್ತದೆ. ಮೂತ್ರ ಸಿಂಪಡಿಸುವುದು ಅದರ ಗಡಿಕಲ್ಲು.

ಕೆಲವು ವರ್ಷಗಳ ಮೇಲೆ ಮತ್ತೆರಡು ಗಂಡುಮರಿಗಳು ನಮ್ಮ ಮನೆಗೆ ಬಂದವು. ಈ ಸಲ ನಾನು ಅವಸರಪಡಲಿಲ್ಲ. ಎಂಟು ವಾರ ತುಂಬುವವರೆಗೆ ತಾಯಿಯ ಬಳಿಯಲ್ಲಿಯೇ ಬಿಟ್ಟೆ. ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮರಿಯ ಮನಸ್ಸು ಹಸಿಯ ಮಣ್ಣಿನಂತಿರುತ್ತದೆ; ಆಗ ಒಡನಾಡಿದ ಮನುಷ್ಯರನ್ನೂ ಬೆಕ್ಕುಗಳನ್ನೂ ಅದು ತನ್ನವರೆಂದು ಒಪ್ಪುತ್ತದೆ. ಕಚ್ಚಿದರೆ ಒಡಹುಟ್ಟಿದ್ದು ಚೀರಿ ಆಟ ಬಿಟ್ಟು ಹೋಗುತ್ತದೆ. ಹಲ್ಲನ್ನು ಎಷ್ಟು ಊರಬೇಕೆಂಬ ಪಾಠ ಹೀಗೆ ದೊರೆಯುತ್ತದೆ. ಮರಿಗಳು ಉರುಳಾಡಿ ಹೋರಾಡುವುದನ್ನು ಕಂಡು ಬಿಡಿಸಲು ಓಡಬೇಕಾಗಿಲ್ಲ. ಸರದಿಯಂತೆ ಮೇಲೆ ಕೆಳಗೆ ಆಗುತ್ತಿದ್ದರೆ, ಸದ್ದಿಲ್ಲದಿದ್ದರೆ, ಅದು ಆಟ. ಕಿವಿ ಹಿಂದಕ್ಕೆ ಚಪ್ಪಟೆಯಾಗಿ, ಮೈಗೂದಲು ನಿಮಿರಿ, ಗುರುಗುಟ್ಟುವಿಕೆ ಕೇಳಿದರೆ ಮಾತ್ರ ಬೇರೆ ಮಾತು. ಆಗಲೂ ಕೈ ಹಾಕಬಾರದು. ನಡುವೆ ಒಂದು ಮೊರವನ್ನೋ ದಿಂಬನ್ನೋ ಒಡ್ಡಬೇಕು.

ಐದನೆಯ ತಿಂಗಳಲ್ಲಿ ಎರಡಕ್ಕೂ ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆ. ಪ್ರಾಯ ಬಲಿಯುವ ಮೊದಲೇ ಇದಾಗಬೇಕು. ಹೀಗೆ ಮಾಡಿಸಿದ ಹತ್ತು ಗಂಡುಗಳಲ್ಲಿ ಸುಮಾರು ಒಂಬತ್ತು ಮೂತ್ರ ಸಿಂಪಡಿಸುವ ಚಟಕ್ಕೆ ಬೀಳುವುದಿಲ್ಲ. ಅಲೆದಾಟವೂ ಕಾದಾಟವೂ ಬಹುಮಟ್ಟಿಗೆ ತಗ್ಗುತ್ತವೆ. ನೆರೆಮನೆಯ ಹಿರಿಯರೊಬ್ಬರು, “ಇದೇನು ಮೇಷ್ಟ್ರೇ, ಇನ್ನು ಇವು ಇಲಿ ಹಿಡಿದ ಹಾಗೇ ಸರಿ!” ಎಂದು ನಕ್ಕರು. “ನಿಮ್ಮ ಎತ್ತುಗಳಿಗೂ ಬೀಜ ಒಡೆಸಿಲ್ಲವೇ? ಅವು ಉಳುವುದನ್ನು ಬಿಟ್ಟಿವೆಯೇ ಯಜಮಾನರೇ?” ಎಂದೆ. ಅವರು ಉತ್ತರ ಕೊಡಲಿಲ್ಲ. ಆದರೆ ಮರುವಾರ ತಮ್ಮ ಮನೆಯ ಗಂಡುಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು, ಆಸ್ಪತ್ರೆಯ ದಾರಿ ಯಾವುದೆಂದು ಕೇಳಲು ಬಂದರು. ಬೇಟೆಯ ಬುದ್ಧಿ ತಾಯಿಯ ಕಲಿಕೆಯಿಂದಲೂ ಹುಟ್ಟುಗುಣದಿಂದಲೂ ಬಂದದ್ದು. ಚಿಕಿತ್ಸೆಯಿಂದ ಅದು ಹೋಗುವುದಿಲ್ಲ.

ಚಿಕಿತ್ಸೆಯ ದಿನವೇ ಒಂದು ಅಚ್ಚರಿ ಕಾದಿತ್ತು. ಮೊದಲು ಒಂದನ್ನು ಮಾತ್ರ ಕರೆದೊಯ್ದು ಸಂಜೆ ತಂದು ಬಿಟ್ಟಾಗ, ಮನೆಯಲ್ಲಿದ್ದದ್ದು ಬೆನ್ನು ಬಿಲ್ಲಾಗಿಸಿ ಬುಸುಗುಟ್ಟಿತು. ಗುಹೆಯಿಂದ ಹೊರಬಂದ ವಾಲಿಗೂ ಸಿಂಹಾಸನದಲ್ಲಿದ್ದ ಸುಗ್ರೀವನಿಗೂ ನಡುವೆ ಎದ್ದದ್ದು ಸಂಶಯದ ಹಗೆ. ಇಲ್ಲಿ ಎದ್ದದ್ದು ವಾಸನೆಯ ಹಗೆ. ಬೆಕ್ಕು ತನ್ನವರನ್ನು ಗುರುತಿಸುವುದು ಕಣ್ಣಿಗಿಂತ ಹೆಚ್ಚಾಗಿ ಮೂಗಿನಿಂದ. ಕೆನ್ನೆಯಲ್ಲಿರುವ ಗ್ರಂಥಿಗಳ ವಾಸನೆಯನ್ನು ಪರಸ್ಪರ ಉಜ್ಜಿ ಉಜ್ಜಿ ಅವು ಮನೆಗೊಂದು ಸಾಮಾನ್ಯ ಗಂಧವನ್ನು ಮಾಡಿಕೊಂಡಿರುತ್ತವೆ. ಆಸ್ಪತ್ರೆಯಿಂದ ಬಂದದ್ದು ಔಷಧಿ ನಾರುತ್ತಿತ್ತು. ಆದ್ದರಿಂದ ಅದು ಅಪರಿಚಿತ. ಎರಡನ್ನೂ ಒಂದು ರಾತ್ರಿ ಬೇರೆ ಬೇರೆ ಕೋಣೆಗಳಲ್ಲಿಟ್ಟು, ಒಂದೇ ಬಟ್ಟೆಯಿಂದ ಎರಡರ ಕೆನ್ನೆಯನ್ನೂ ಒರೆಸಿ, ಬಾಗಿಲಿನ ಈಚೆಗೊಂದು ಆಚೆಗೊಂದು ತಟ್ಟೆಯಿಟ್ಟು ಉಣಿಸಿದೆವು. ಮರುದಿನ ಸಂಜೆಗೆ ಮುನಿಸು ಇಳಿಯಿತು. ಎರಡನ್ನೂ ಒಟ್ಟಿಗೆ ಕರೆದೊಯ್ದಿದ್ದರೆ ಈ ಪಾಡೇ ಇರುತ್ತಿರಲಿಲ್ಲ.

ಉಳಿದ ವ್ಯವಸ್ಥೆ ಸುಲಭ. ಉಣ್ಣುವ ತಟ್ಟೆಗಳು ಬೇರೆಯಾಗಿ, ದೂರದಲ್ಲಿರಲಿ. ಮನೆಯೊಳಗೆ ಮಲಮೂತ್ರಕ್ಕೆ ಮರಳಿನ ತೊಟ್ಟಿಗಳನ್ನಿಡುವುದಾದರೆ ಎರಡು ಬೆಕ್ಕುಗಳಿಗೆ ಮೂರು ಬೇಕು. ಎತ್ತರದ ಜಾಗಗಳೂ ಎರಡಿರಲಿ. ಬರಿಯ ಹಾಲನ್ನ ಸಾಲದು. ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರೀನ್ ಎಂಬ ವಸ್ತು ಮಾಂಸ, ಮೀನುಗಳಲ್ಲಿದೆ. ಹುಚ್ಚುನಾಯಿ ರೋಗದ ಲಸಿಕೆ ತಪ್ಪಬಾರದು. ಆಟಕ್ಕೆ ಚನ್ನಪಟ್ಟಣದ ಮರದ ಚೆಂಡು ಬಹಳ ಚೆನ್ನಾಗಿ ಉರುಳುತ್ತದೆ. ಆದರೆ ನಮ್ಮ ಸೀಮೆಯಲ್ಲಿ ಎಲ್ಲೆಲ್ಲಿಯೂ ಬಿದ್ದಿರುವ ದಾರವನ್ನು ಕೊಡಬಾರದು. ಬೆಕ್ಕಿನ ನಾಲಗೆಯ ಮುಳ್ಳುಗಳು ಗಂಟಲ ಕಡೆಗೆ ಬಾಗಿರುವುದರಿಂದ ಬಾಯಿಗೆ ಹೋದ ಎಳೆಯನ್ನು ಅದು ಸುಲಭವಾಗಿ ಉಗುಳಲಾರದು. ನುಂಗಿದ ಎಳೆ ಕರುಳನ್ನು ಕೊಯ್ಯಬಲ್ಲದು. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಔಷಧಿಯೂ ಬೆಕ್ಕಿಗೆ ವಿಷ. ರೇಷ್ಮೆಹುಳುವಿಗೂ ಅದು ವಿಷವೇ ಆದುದರಿಂದ ಹುಳು ಸಾಕುವವರಿಗೆ ಈ ಎಚ್ಚರಿಕೆ ಹೊಸತಲ್ಲ.

ಆ ಎರಡು ಬೆಕ್ಕುಗಳು ಹನ್ನೆರಡು ವರ್ಷ ಒಟ್ಟಿಗೆ ಬಾಳಿದವು. ನಾಲ್ಕನೆಯ ಜ್ವರ ಬಿಟ್ಟೆದ್ದ ಹುಳುಗಳು ಸೊಪ್ಪು ಮೇಯುವಾಗ ಮಳೆ ಸುರಿದಂಥ ಸದ್ದು ಕೇಳುತ್ತದೆ. ಅಂಥ ರಾತ್ರಿಗಳಲ್ಲಿ ಲಾಟೀನು ಹಿಡಿದು ನೆರೆಮನೆಯ ಹುಳುಮನೆಯ ಕಡೆಗೆ ಹೋದರೆ, ಬಾಗಿಲಿನ ಆ ಪಕ್ಕದಲ್ಲೊಂದು, ಈ ಪಕ್ಕದಲ್ಲೊಂದು ಕುಳಿತು ಗೋಡೆಯ ಬುಡದ ಒಂದೇ ಬಿಲವನ್ನು ನೋಡುತ್ತಿರುತ್ತಿದ್ದವು.