ಲ್ಯಾಬ್‌ ಪತ್ರಕ್ಕೆ ಸಹಿ ಹಾಕುವ ಮುನ್ನ

ಟೊರಾಂಟೊ: ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾಗುತ್ತಿದ್ದಂತೆ ಬ್ರಾಂಪ್ಟನ್‌, ಮಿಸಿಸಾಗಾ ಕಡೆಯ ಕನ್ನಡಿಗರ ಮನೆಗಳಿಗೂ ಮಕ್ಕಳ ಬ್ಯಾಗಿನಲ್ಲಿ ಒಂದು ಪತ್ರ ಬರುತ್ತದೆ. ವಿಜ್ಞಾನ ಪ್ರಯೋಗಾಲಯದ ಸುರಕ್ಷತಾ ನಿಯಮಗಳಿಗೆ ಹಲವು ಶಾಲೆಗಳು ವಿದ್ಯಾರ್ಥಿಯ ಜೊತೆ ಪೋಷಕರ ಸಹಿಯನ್ನೂ ಕೇಳುತ್ತವೆ. ಗಡಿಬಿಡಿಯಲ್ಲಿ ಓದದೆ ಸಹಿ ಹಾಕಬೇಡಿ.

ಕೂದಲು ಕಟ್ಟಿರಬೇಕು, ರಕ್ಷಣಾ ಕನ್ನಡಕ ಧರಿಸಿರಬೇಕು, ಬೆರಳು ಮುಚ್ಚುವ ಶೂ ಬೇಕು, ಒಳಗೆ ಏನನ್ನೂ ತಿನ್ನಬಾರದು. ಆಮ್ಲವನ್ನು ನೀರಿಗೆ ನಿಧಾನವಾಗಿ ಬೆರೆಸಬೇಕು. ಆಮ್ಲಕ್ಕೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯಬಹುದು. ಬಾಟಲಿಗಳ ಮೇಲಿನ ಕೆಂಪು ಅಂಚಿನ ಎಚ್ಚರಿಕೆ ಚಿತ್ರಗಳು, ಕೆನಡಾದಲ್ಲಿ 1988ರಲ್ಲಿ ಜಾರಿಯಾಗಿ 2015ರಲ್ಲಿ ಅಂತರರಾಷ್ಟ್ರೀಯ ಪದ್ಧತಿಗೆ ಹೊಂದಿಸಲಾದ ‘ವಿಮಿಸ್‌’ ವ್ಯವಸ್ಥೆಯವು. ಮಕ್ಕಳು ಅವನ್ನು ಗುರುತಿಸಲು ಕಲಿಯಬೇಕು.

ಇದಕ್ಕಿಂತ ಮುಖ್ಯವಾದದ್ದು, ಹೇಳುವ ಧೈರ್ಯ. ಊರಲ್ಲಿ ಓದುವಾಗ ಟೆಸ್ಟ್‌ಟ್ಯೂಬ್‌ ಒಡೆದರೆ ದಂಡ, ಮೇಲೆ ಬೈಗುಳ. ಚೂರುಗಳನ್ನು ಬಚ್ಚಿಟ್ಟವರು ನಮ್ಮಲ್ಲೂ ಇದ್ದಾರೆ. ಆ ಅಂಜಿಕೆ ಮಕ್ಕಳಿಗೆ ದಾಟಬಾರದು. ಕಣ್ಣಿಗೆ ರಾಸಾಯನಿಕ ಸಿಡಿದರೆ ತಕ್ಷಣ ಕನಿಷ್ಠ 15 ನಿಮಿಷ ನೀರಿನಲ್ಲಿ ತೊಳೆಯಬೇಕು. ಹೊಸ ದೇಶ, ಹೊಸ ಭಾಷೆ ಎಂದು ಸಂಕೋಚಪಟ್ಟು ಸುಮ್ಮನೆ ಕೂತರೆ ಕಣ್ಣಿಗೇ ಕುತ್ತು.

ಸಹಿ ಹಾಕುವಾಗ ಒಂದು ಮಾತು ಹೇಳಿ: ‘ಏನೇ ಒಡೆಯಲಿ, ಚೆಲ್ಲಲಿ, ಮೊದಲು ಟೀಚರ್‌ಗೆ ಹೇಳು ಪುಟ್ಟಾ. ಮನೇಲಿ ಯಾರೂ ಬೈಯಲ್ಲ’.